ಸಮಾಜಕಾರ್ಯಕರ್ತರಿಗೂ ಒಂದು ನೋಂದಣಿ ಸಂಖ್ಯೆ

ವೃತ್ತಿ ನೋಂದಣಿ ಎಂದರೆ ಒಂದು ಕೆಲಸವನ್ನು ಕಲಿತು ಬಂದವರ ಹೆಸರನ್ನು ಕಾನೂನು ಒಪ್ಪಿದ ಪಟ್ಟಿಯಲ್ಲಿ ಬರೆದಿಡುವುದು. ಆ ಹೆಸರು ಅಲ್ಲಿರಲು ಇಂದಿಗೂ ತಕ್ಕುದೇ ಎಂದು ಗೊತ್ತಾದ ಅವಧಿಗೊಮ್ಮೆ ನೋಡುವುದೇ ನವೀಕರಣ. ವೈದ್ಯರಿಗೆ, ದಾದಿಯರಿಗೆ, ಫಾರ್ಮಸಿಸ್ಟರಿಗೆ ಇದು ಹೊಸದೇನಲ್ಲ. ಸಮಾಜಕಾರ್ಯಕರ್ತರ ಸಂಗತಿ ಮಾತ್ರ ಬೇರೆ. ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ ಸಮಾಜಕಾರ್ಯದ ತರಬೇತಿ ಶುರುಮಾಡಿದ್ದು 1936ರಲ್ಲಿ. ಅಲ್ಲಿಂದ ಈಚೆಗೆ ಎಷ್ಟೋ ವಿಶ್ವವಿದ್ಯಾಲಯಗಳು ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂ.ಎಸ್.ಡಬ್ಲ್ಯೂ. ಕೊಡುತ್ತಾ ಬಂದಿವೆ. ಆದರೆ ಆ ಪದವೀಧರರೆಲ್ಲರ ಹೆಸರು ಒಂದೆಡೆ ಸೇರುವ ಪರಿಷತ್ತು ದೇಶದಲ್ಲಿ ಇಂದಿಗೂ ಇಲ್ಲ. ಅದಕ್ಕಾಗಿ 1990ರ ದಶಕದಲ್ಲೇ ಮಸೂದೆಯ ಕರಡು ಸಿದ್ಧವಾಗಿತ್ತು, ಕಾಯ್ದೆಯಾಗಲಿಲ್ಲ. ಹೀಗಾಗಿ ಸಮಾಜಕಾರ್ಯಕರ್ತರೊಬ್ಬರಿಗೆ ನೋಂದಣಿ ಬೇಕೋ ಬೇಡವೋ, ಎಲ್ಲಿ ಮಾಡಿಸಬೇಕು ಎಂಬುದೆಲ್ಲ ಅವರು ಯಾರ ನಡುವೆ ಕೆಲಸ ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ.

ಇಂಥ ಪಟ್ಟಿಯಿಂದ ಯಾರಿಗೆ ಏನು ಉಪಯೋಗ ಎಂದು ತಿಳಿಯಲು ತಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಯಂಥ ಊರಿನಿಂದ ನೋಡುವುದು ಒಳ್ಳೆಯದು. ಕಾವೇರಿ ದಂಡೆಯ ಊರು. ಬೆಟ್ಟದ ಮೇಲೆ ತಲಕಾಡಿನ ಪಂಚಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನಸ್ವಾಮಿ, ವರ್ಷಕ್ಕೊಮ್ಮೆ ಕೂಡುವ ದೊಡ್ಡ ದನಗಳ ಜಾತ್ರೆ. ಇಂಥ ಊರಿನ ಮನೆಯೊಂದರಲ್ಲಿ ಬೆಳೆದ ಮಗ ನಿದ್ದೆಗೆಟ್ಟು, ಊಟ ಬಿಟ್ಟು, ಒಬ್ಬನೇ ಮಾತಾಡಿಕೊಳ್ಳಲು ಶುರುಮಾಡಿದರೆ ಮನೆಯವರು ಮೊದಲು ಹರಕೆ ಹೊರುತ್ತಾರೆ, ತಾಯತ ಕಟ್ಟಿಸುತ್ತಾರೆ. ಆಮೇಲೆ ಆಶಾ ಕಾರ್ಯಕರ್ತೆಯೋ ನೆಂಟರೋ ಹೇಳಿದ ಮೇಲೆ ತಾಲ್ಲೂಕು ಆಸ್ಪತ್ರೆಗೆ ಬಸ್ಸು ಹತ್ತುತ್ತಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣಲು ಮಂಗಳವಾರ ಗೊತ್ತುಮಾಡಲಾಗಿದೆ. ವೈದ್ಯರು ಕಾಯಿಲೆ ಗುರುತಿಸಿ ಮಾತ್ರೆ ಬರೆಯುತ್ತಾರೆ. ಮನೆಗೆ ಹೋದ ಮೇಲೆ ಆ ಮಾತ್ರೆಯ ಗತಿ ಏನಾಗುತ್ತದೆ ಎಂಬುದು ಇನ್ನೊಬ್ಬರ ಕೆಲಸ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಹುದ್ದೆಯೂ ಇರುವುದು ಇದಕ್ಕಾಗಿ.

ಅವರ ಕೆಲಸ ನಡೆಯುವುದು ಬೆಂಚಿನ ಮೇಲೆ, ತಾಯಿಯ ಪಕ್ಕದಲ್ಲಿ. ‘ಮನೇಲಿ ಯಾರ್ಯಾರು ಇದ್ದೀರವ್ವ? ನೀವು ಕೂಲಿಗೆ ಹೋದಾಗ ಇವನ ಹತ್ರ ಯಾರಿರ್ತಾರೆ? ಮಾತ್ರೆ ಯಾರ ಕೈಲಿರುತ್ತೆ?’ ಎಂದು ಶುರುವಾದ ಮಾತು ಸಾಲದವರೆಗೆ, ಗಂಡನ ಕುಡಿತದವರೆಗೆ, ಮದುವೆ ಮಾಡಿದರೆ ಹುಡುಗ ಸರಿಹೋಗುತ್ತಾನೆ ಎನ್ನುವ ದೊಡ್ಡಪ್ಪನವರೆಗೆ ಹೋಗುತ್ತದೆ. ‘ಹರಕೆ ತೀರಿಸಿ, ಬೇಡ ಅನ್ನಲ್ಲ. ಮಾತ್ರೆ ಮಾತ್ರ ಬಿಡಿಸಬೇಡಿ’ ಎಂದು ಹೇಳುವುದಕ್ಕೂ ತರಬೇತಿ ಬೇಕು. ತಮ್ಮ ಕೇರಿಯಲ್ಲಿ ಯಾರಿಗೂ ಹೇಳದ ಮಾತನ್ನು ಆ ತಾಯಿ ಒಬ್ಬ ಅಪರಿಚಿತರಿಗೆ ಹೇಳಿರುತ್ತಾರೆ. ಕೇಳಿಸಿಕೊಂಡವರು ನಿಜವಾಗಿ ಓದಿದವರೇ, ಆ ಮಾತು ಹೊರಗೆ ಹೋದರೆ ಯಾರನ್ನು ಕೇಳಬೇಕು ಎಂಬುದಕ್ಕೆ ಉತ್ತರ ಸಿಗಬೇಕಾದದ್ದು ನೋಂದಣಿಯಲ್ಲಿ.

ಈಗ ಇರುವ ನೋಂದಣಿಗಳಲ್ಲಿ ಹಳೆಯದೂ ಗಟ್ಟಿಯಾದದ್ದೂ ಭಾರತೀಯ ಪುನರ್ವಸತಿ ಪರಿಷತ್ತಿನದು. ಎಲ್ಲರ ಬಾಯಲ್ಲಿ ಅದು ಆರ್.ಸಿ.ಐ. 1992ರ ಕಾಯ್ದೆಯಿಂದ ಹುಟ್ಟಿದ ಈ ಪರಿಷತ್ತು ಅಂಗವಿಕಲರ ಪುನರ್ವಸತಿಯಲ್ಲಿ ತೊಡಗಿದ 16 ಬಗೆಯ ವೃತ್ತಿಗಳನ್ನು ನೋಡಿಕೊಳ್ಳುತ್ತದೆ. ವಾಕ್ ಮತ್ತು ಶ್ರವಣ ತಜ್ಞರು, ವಿಶೇಷ ಶಿಕ್ಷಕರು, ಚಿಕಿತ್ಸಾ ಮನೋವಿಜ್ಞಾನಿಗಳು ಇರುವ ಆ ಸಾಲಿನಲ್ಲಿ ಪುನರ್ವಸತಿ ಸಮಾಜಕಾರ್ಯಕರ್ತರೂ ಒಬ್ಬರು. ಎಂ.ಎಸ್.ಡಬ್ಲ್ಯೂ. ಆಗಿದೆ ಎಂದ ಮಾತ್ರಕ್ಕೆ ಇಲ್ಲಿ ಹೆಸರು ಸೇರುವುದಿಲ್ಲ. ಪರಿಷತ್ತು ಮಾನ್ಯ ಮಾಡಿದ ಕೋರ್ಸನ್ನೇ ಓದಿರಬೇಕು. ಸೇರಿದವರ ಹೆಸರು ಕೇಂದ್ರ ಪುನರ್ವಸತಿ ದಾಖಲೆಗೆ ಹೋಗುತ್ತದೆ, ಅವರಿಗೊಂದು ಸಿ.ಆರ್.ಆರ್. ಸಂಖ್ಯೆ ಬರುತ್ತದೆ. ಆ ಸಂಖ್ಯೆ ಇಲ್ಲದವರು ಪುನರ್ವಸತಿ ವೃತ್ತಿಪರರೆಂದು ಸರ್ಕಾರಿ ಹುದ್ದೆ ಹಿಡಿಯುವಂತಿಲ್ಲ, ಆ ವೃತ್ತಿ ನಡೆಸುವಂತಿಲ್ಲ, ವೃತ್ತಿಪರರ ಸಹಿ ಬೇಕಾದ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ. ಮೀರಿದರೆ 1 ವರ್ಷದವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವೃತ್ತಿಧರ್ಮ ಮುರಿದವರ ಹೆಸರನ್ನು ದಾಖಲೆಯಿಂದ ತೆಗೆಯುವ ಅಧಿಕಾರವೂ ಪರಿಷತ್ತಿಗಿದೆ.

ಆರ್.ಸಿ.ಐ. ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಬರೀ ಶುಲ್ಕ ಕಟ್ಟಿದರೆ ಸಾಲದು. ಆ 5 ವರ್ಷದಲ್ಲಿ ನಿರಂತರ ಪುನರ್ವಸತಿ ಶಿಕ್ಷಣದ ಕಾರ್ಯಾಗಾರ, ವಿಚಾರ ಸಂಕಿರಣಗಳಲ್ಲಿ ಭಾಗವಹಿಸಿ ಅಂಕ ಗಳಿಸಿರಬೇಕು. ವೃತ್ತಿಯವರು ಇದಕ್ಕೆ ಸಿ.ಆರ್.ಇ. ಪಾಯಿಂಟ್ಸ್ ಎನ್ನುತ್ತಾರೆ. ಎಲ್ಲ ಕಾರ್ಯಾಗಾರಕ್ಕೂ ಅಂಕವಿಲ್ಲ. ಪರಿಷತ್ತು ಮೊದಲೇ ಒಪ್ಪಿಗೆ ಕೊಟ್ಟವಕ್ಕೆ ಮಾತ್ರ. ಮೈಸೂರು ಸೀಮೆಯವರಿಗೆ ಒಂದು ಅನುಕೂಲವೆಂದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಕಾರ್ಯಕ್ರಮಗಳನ್ನು ನಡೆಸುತ್ತದೆ. ನಂಜನಗೂಡಿನಲ್ಲೋ ತಿ. ನರಸೀಪುರದಲ್ಲೋ ಕೆಲಸ ಮಾಡುವವರು ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬಹುದು.

ಈ ಮರುಕಲಿಕೆಯನ್ನು ಬೇಡದ ಹೊರೆ ಎಂದುಕೊಳ್ಳುವವರು ಕಳೆದ ಹತ್ತು ವರ್ಷದಲ್ಲಿ ಕಾನೂನು ಎಷ್ಟು ಬದಲಾಗಿದೆ ಎಂದು ನೋಡಬೇಕು. 1995ರ ಕಾಯ್ದೆ ಗುರುತಿಸಿದ್ದ ಅಂಗವೈಕಲ್ಯಗಳು 7. ಅದರ ಜಾಗಕ್ಕೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಇವೆ. ಆಟಿಸಂ, ಕಲಿಕಾ ನ್ಯೂನತೆ, ಪಾರ್ಕಿನ್ಸನ್, ತಲಸೇಮಿಯಾ, ಆಸಿಡ್ ದಾಳಿಗೆ ಒಳಗಾದವರ ಸ್ಥಿತಿ ಎಲ್ಲವೂ ಸೇರಿವೆ. 2010ರಲ್ಲಿ ಓದು ಮುಗಿಸಿ ಮತ್ತೆ ಪುಸ್ತಕ ತೆರೆಯದವರು, ಆಟಿಸಂ ಇರುವ ಮಗುವಿನ ತಾಯಿಯನ್ನು ‘ನಿಮಗೆ ಅಂಗವಿಕಲರ ಕಾರ್ಡು ಬರೋದಿಲ್ಲಮ್ಮ’ ಎಂದು ವಾಪಸ್ಸು ಕಳಿಸಿಬಿಡಬಹುದು. ಆ ಒಂದು ಮಾತಿನಿಂದ ಮಗುವಿಗೆ ಮಾಸಾಶನ, ಬಸ್ ಪಾಸು, ಶಾಲೆಯ ಸವಲತ್ತು ಎಲ್ಲವೂ ತಪ್ಪುತ್ತವೆ.

ಮಾನಸಿಕ ಆರೋಗ್ಯದಲ್ಲೂ ಹೀಗೆಯೇ. 1987ರ ಕಾಯ್ದೆ ಹೋಗಿ 2017ರದು ಬಂತು, ಜಾರಿಯಾದದ್ದು 2018ರಲ್ಲಿ. ಮಾನಸಿಕ ಕಾಯಿಲೆಯವರನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು. ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ವ್ಯಕ್ತಿ ಮೊದಲೇ ಬರೆದಿಡುವ, ತನ್ನ ಪರವಾಗಿ ಮಾತಾಡಲು ಒಬ್ಬರನ್ನು ಹೆಸರಿಸುವ ಹಕ್ಕು ಕೊಟ್ಟಿತು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎಂದಿತು. ಕ್ರಿಮಿನಾಶಕ ಕುಡಿದು ಬದುಕಿ ಬಂದವರ ಮನೆಯವರಿಗೆ ಪೊಲೀಸ್ ಕೇಸಿನ ಭಯವೇ ಮೊದಲು. ಆ ಭಯವನ್ನು ಇಳಿಸಬೇಕಾದವರಿಗೆ ಈ ಕಲಮು ಗೊತ್ತಿಲ್ಲದಿದ್ದರೆ ಪದವಿ ಇದ್ದೂ ಪ್ರಯೋಜನವಿಲ್ಲ.

ಇದೇ 2017ರ ಕಾಯ್ದೆ ಎರಡನೆಯ ನೋಂದಣಿಗೂ ಮೂಲ. ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಚಿಕಿತ್ಸಾ ಮನೋವಿಜ್ಞಾನಿಗಳು, ಮಾನಸಿಕ ಆರೋಗ್ಯ ದಾದಿಯರು ತಮ್ಮ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ಪ್ರಾಧಿಕಾರ ಆ ಪಟ್ಟಿಯನ್ನು ಪ್ರಕಟಿಸಬೇಕು. ಎಂ.ಎಸ್.ಡಬ್ಲ್ಯೂ. ಆದ ಮೇಲೆ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ 2 ವರ್ಷದ ಪೂರ್ಣಾವಧಿ ಎಂ.ಫಿಲ್. ಮಾಡಿದವರನ್ನು, ಇಲ್ಲವೇ ನಿಯಮದಲ್ಲಿ ಗೊತ್ತುಮಾಡಿದ ಅರ್ಹತೆ ಇರುವವರನ್ನು ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರೆಂದು ಕರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಈ ಓದಿಗೆ ದೇಶಕ್ಕೇ ಹೆಸರಾದ ಜಾಗ. ಆದರೆ ಇಲ್ಲೊಂದು ತೊಡಕಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಯು.ಜಿ.ಸಿ. ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಮನೋವೈದ್ಯಕೀಯ ಸಮಾಜಕಾರ್ಯ ಮತ್ತು ಚಿಕಿತ್ಸಾ ಮನೋವಿಜ್ಞಾನಕ್ಕೆ ಮಾತ್ರ 2025–26ನೇ ಸಾಲಿನವರೆಗೆ ವಿನಾಯಿತಿ ಕೊಟ್ಟಿತು. ಕಾಯ್ದೆಯ ವ್ಯಾಖ್ಯೆಯಲ್ಲಿ ಆ ಪದವಿಯ ಹೆಸರೇ ಇರುವಾಗ, ಹೊಸ ಪದವಿಯನ್ನು ನಿಯಮದ ಮೂಲಕವಾದರೂ ಅದರೊಳಗೆ ತರಬೇಕಾಗುತ್ತದೆ.

ಮೂರನೆಯದು 2021ರ ಸಹ ಮತ್ತು ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ. ಫಿಸಿಯೊಥೆರಪಿ, ಲ್ಯಾಬ್ ತಂತ್ರಜ್ಞಾನದಂಥ ಹತ್ತಾರು ವೃತ್ತಿಗಳಿಗೆ ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಪರಿಷತ್ತು, ಎರಡು ಕಡೆಯೂ ದಾಖಲೆ ಪುಸ್ತಕ ಇರಬೇಕೆಂದು ಅದು ಹೇಳುತ್ತದೆ. ಅದರ ಅನುಸೂಚಿಯಲ್ಲಿ ವರ್ತನಾ ಆರೋಗ್ಯ ವಿಜ್ಞಾನದ ಗುಂಪಿನಲ್ಲಿ ಚಿಕಿತ್ಸಾ, ಮನೋವೈದ್ಯಕೀಯ ಮತ್ತು ವೈದ್ಯಕೀಯ ಸಮಾಜಕಾರ್ಯಕರ್ತರ ಹೆಸರಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಸಾಮಾನ್ಯ ಎಂ.ಎಸ್.ಡಬ್ಲ್ಯೂ. ಪದವೀಧರರು ವೃತ್ತಿಪರರ ಪಟ್ಟಿಗೆ ಬರಲು ಸಿಕ್ಕ ದೊಡ್ಡ ಬಾಗಿಲು ಇದೇ.

ಆಸ್ಪತ್ರೆ ಮತ್ತು ಪುನರ್ವಸತಿ ಕೇಂದ್ರದಿಂದ ಹೊರಗೆ ಕಾಲಿಟ್ಟರೆ ನೋಂದಣಿಯ ಮಾತೇ ನಿಲ್ಲುತ್ತದೆ. ಮಕ್ಕಳ ರಕ್ಷಣಾ ಘಟಕದವರು, ಸ್ವಯಂಸೇವಾ ಸಂಸ್ಥೆಯವರು, ನಂಜನಗೂಡಿನ ಕೈಗಾರಿಕಾ ಪ್ರದೇಶದಂಥ ಕಡೆ ಕಾರ್ಮಿಕರ ಯೋಗಕ್ಷೇಮ ನೋಡುವವರು ಯಾವ ಪಟ್ಟಿಯಲ್ಲೂ ಇಲ್ಲ. 500 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿದ್ದರಿಂದ ಎಷ್ಟೋ ಎಂ.ಎಸ್.ಡಬ್ಲ್ಯೂ. ಪದವೀಧರರಿಗೆ ಕೆಲಸ ಸಿಕ್ಕಿತು. ವೃತ್ತಿ ಪರಿಷತ್ತು ಹುಟ್ಟಲಿಲ್ಲ. ‘ಸಮಾಜಕಾರ್ಯಕರ್ತ’ ಎಂಬ ಪದಕ್ಕೂ ಕಾನೂನಿನ ಕಾವಲಿಲ್ಲ. ಬಾಲನ್ಯಾಯ ಮಂಡಳಿಯಲ್ಲಿ ಇಬ್ಬರು ಸಮಾಜಕಾರ್ಯಕರ್ತರಿರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು ಎಂದು 2015ರ ಕಾಯ್ದೆ ಹೇಳುತ್ತದೆ. ಆದರೆ ಅದು ಕೇಳುವುದು ಮಕ್ಕಳ ಆರೋಗ್ಯ, ಶಿಕ್ಷಣ, ಕಲ್ಯಾಣದಲ್ಲಿ ಕನಿಷ್ಠ 7 ವರ್ಷದ ಅನುಭವವನ್ನು, ಅಥವಾ ಮಕ್ಕಳ ಮನೋವಿಜ್ಞಾನ, ಕಾನೂನಿನಂಥ ವಿಷಯದ ಪದವಿ ಪಡೆದು ವೃತ್ತಿನಿರತರಾಗಿರುವುದನ್ನು. ಊರಿಗಾಗಿ ದುಡಿದ ಯಾರನ್ನೇ ಆಗಲಿ ಸಮಾಜ ಸೇವಕರೆಂದು ಕರೆಯುವುದು ನಮ್ಮಲ್ಲಿ ಹಿಂದಿನಿಂದ ಬಂದ ಗೌರವ. ಆ ಗೌರವ ಬೇರೆ, ತರಬೇತಿ ಪಡೆದ ವೃತ್ತಿ ಬೇರೆ ಎಂದು ಹೇಳಬೇಕಾದ ಕಾನೂನು ಮಾತ್ರ ಬಂದಿಲ್ಲ.

ಕೆಲವು ದೇಶಗಳಲ್ಲಿ ಈ ಗೆರೆ ಸ್ಪಷ್ಟ. ಇಂಗ್ಲೆಂಡಿನಲ್ಲಿ ನೋಂದಣಿ ಇಲ್ಲದವರು ತಮ್ಮನ್ನು ‘ಸೋಶಿಯಲ್ ವರ್ಕರ್’ ಎಂದು ಕರೆದುಕೊಳ್ಳುವಂತಿಲ್ಲ. 2019ರ ಡಿಸೆಂಬರಿನಿಂದ ಈ ಹೊಣೆ ‘ಸೋಶಿಯಲ್ ವರ್ಕ್ ಇಂಗ್ಲೆಂಡ್’ ಸಂಸ್ಥೆಯದು. ಅಲ್ಲಿ ನವೀಕರಣ ಪ್ರತಿ ವರ್ಷ, ಸೆಪ್ಟೆಂಬರ್ 1ರಿಂದ ನವೆಂಬರ್ 30ರೊಳಗೆ. ಆ ವರ್ಷ ಕಲಿತದ್ದರ ಬಗ್ಗೆ ಕನಿಷ್ಠ 2 ಬರಹ ದಾಖಲಿಸಬೇಕು. ಅದರಲ್ಲಿ ಒಂದನ್ನಾದರೂ ಸಹೋದ್ಯೋಗಿಯ ಜೊತೆ ಚರ್ಚಿಸಿರಬೇಕು. ಎಷ್ಟು ಗಂಟೆ ಕೂತರು ಎನ್ನುವುದಕ್ಕಿಂತ ಕಲಿತದ್ದು ಕೆಲಸದಲ್ಲಿ ಏನು ಬದಲಿಸಿತು ಎಂದು ಕೇಳುವ ಈ ಕ್ರಮ ಅಂಕ ಎಣಿಸುವುದಕ್ಕಿಂತ ಮೇಲು. ನ್ಯೂಜಿಲೆಂಡಿನಲ್ಲಿ 2003ರಲ್ಲೇ ಕಾಯ್ದೆ ಬಂದಿದ್ದರೂ ನೋಂದಣಿ ಎಲ್ಲರಿಗೂ ಕಡ್ಡಾಯವಾದದ್ದು 2021ರ ಫೆಬ್ರುವರಿಯಲ್ಲಿ.

ಇಲ್ಲಿ ನವೀಕರಣಕ್ಕೆ ಕೂರುವವರಿಗೆ ಕಷ್ಟ ಕೊಡುವುದು ಹೆಚ್ಚಾಗಿ ಸಣ್ಣ ಸಂಗತಿಗಳು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ. ಮದುವೆಯ ನಂತರ ಹೆಸರಿನ ಜೊತೆ ಇನ್ನೊಂದು ಹೆಸರು. ಐದು ವರ್ಷದ ಹಿಂದೆ ಕೊಟ್ಟ ಮೊಬೈಲ್ ನಂಬರು ಈಗ ಇಲ್ಲ, ಓ.ಟಿ.ಪಿ. ಅದಕ್ಕೇ ಹೋಗುತ್ತದೆ. ಕಾರ್ಯಾಗಾರದ ಪ್ರಮಾಣಪತ್ರಗಳನ್ನು ಕೈಗೆ ಬಂದ ದಿನವೇ ಸ್ಕ್ಯಾನ್ ಮಾಡಿ ವರ್ಷವಾರು ಇಟ್ಟುಕೊಂಡವರಿಗೆ ಅರ್ಜಿ ಅರ್ಧ ದಿನದ ಕೆಲಸ. ಕೊನೆಯ ವರ್ಷದಲ್ಲಿ ಎಲ್ಲ ಅಂಕ ಗುಡ್ಡೆಹಾಕಲು ಹೊರಟವರಿಗೆ ಬೇಕಾದ ವಿಷಯದ ಕಾರ್ಯಾಗಾರ ಸಿಗುವುದಿಲ್ಲ. ಸಿಕ್ಕಿದ್ದಕ್ಕೆ ಹೋಗಿ ಕೂರಬೇಕಾಗುತ್ತದೆ. ಸರ್ಕಾರದ ಯೋಜನೆಗಳಲ್ಲಿ ದುಡಿಯುವ ಬಹಳಷ್ಟು ಸಮಾಜಕಾರ್ಯಕರ್ತರು ಗುತ್ತಿಗೆಯವರು. ಕಾರ್ಯಾಗಾರದ ಶುಲ್ಕ, ಬಸ್ ಚಾರ್ಜು, ಆ ದಿನದ ರಜೆ ಎಲ್ಲ ಅವರ ಕೈಯಿಂದಲೇ ಹೋದರೆ ಕಲಿಕೆ ನಿಲ್ಲುತ್ತದೆ. ನೋಂದಣಿ ಕೇಳುವ ಇಲಾಖೆಯೇ ಈ ಖರ್ಚು ಹೊರುವುದು ನ್ಯಾಯ.

ಇನ್ನು ಉಳಿದವರು ಹಳ್ಳಿಯ ಮನೆ ಬಾಗಿಲಿಗೆ ಮೊದಲು ಬರುವವರು. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗೌರವಧನಕ್ಕೆ ಕೆಲಸ ಮಾಡುತ್ತಾರೆ. ಜನ ಕರೆಯುವುದು ವಿ.ಆರ್.ಡಬ್ಲ್ಯೂ., ಎಂ.ಆರ್.ಡಬ್ಲ್ಯೂ. ಎಂದು. ಅವರಲ್ಲಿ ಅನೇಕರು ಸ್ವತಃ ಅಂಗವಿಕಲರು. ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ತುಂಬಿಸುವವರು, ವೈದ್ಯಕೀಯ ತಪಾಸಣೆಯ ದಿನ ಹೇಳಿಕಳಿಸುವವರು, ನಿಂತುಹೋದ ಮಾಸಾಶನಕ್ಕೆ ನಾಡಕಚೇರಿಗೆ ಅಲೆಯುವವರು ಇವರೇ. ಇವರದು ಸಮಾಜಕಾರ್ಯದ ಪದವಿ ಬೇಡುವ ಹುದ್ದೆಯಲ್ಲವಾದ್ದರಿಂದ ಮೇಲೆ ಹೇಳಿದ ಯಾವ ನೋಂದಣಿಯೂ ಇವರನ್ನು ಮುಟ್ಟುವುದಿಲ್ಲ. ಇವರ ಕೆಲಸದಲ್ಲಿ ಲೋಪವಾದರೆ ಕೇಳಬೇಕಾದದ್ದು ಪಂಚಾಯಿತಿಯನ್ನು, ಅಂಗವಿಕಲರ ಸಬಲೀಕರಣ ಇಲಾಖೆಯನ್ನು. ಮಾನಸಿಕ ಆರೋಗ್ಯ ಕೇಂದ್ರದಲ್ಲಿ ಹಕ್ಕಿಗೆ ಧಕ್ಕೆಯಾದರೆ 2017ರ ಕಾಯ್ದೆಯ ಪರಿಶೀಲನಾ ಮಂಡಳಿ ಇದೆ. ಪುನರ್ವಸತಿ ವೃತ್ತಿಪರರಾದರೆ ಸಿ.ಆರ್.ಆರ್. ಸಂಖ್ಯೆ ಕೇಳಿ ಬರೆದುಕೊಂಡು ಪರಿಷತ್ತಿಗೆ ದೂರು ಕೊಡಬಹುದು. ಬೇರೆಲ್ಲ ಕಡೆ ಸಮಾಜಕಾರ್ಯಕರ್ತರ ಮೇಲಿನ ದೂರು ಹೋಗುವುದು ಅವರಿಗೆ ಸಂಬಳ ಕೊಡುವ ಸಂಸ್ಥೆಗೆ.