ಬದುವಿನ ಸೊಪ್ಪು, ಹಿತ್ತಲ ಮದ್ದು

ಮುಂಗಾರು ಎರಡು ಹದ ಮಳೆ ಸುರಿಸಿತೆಂದರೆ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ರಾಗಿ ಹೊಲಗಳಲ್ಲಿ ಬಿತ್ತದ ಬೆಳೆಯೊಂದು ತಾನೇ ಏಳುತ್ತದೆ. ರೈತನ ಲೆಕ್ಕದಲ್ಲಿ ಅದು ಕಳೆ. ಕಳೆ ಕೀಳಲು ಬಂದ ಹೆಂಗಸರ ಲೆಕ್ಕದಲ್ಲಿ ಸಂಜೆಯ ಸಾರು. ಕಿತ್ತ ಗಿಡಗಳಲ್ಲಿ ಒಂದು ಬದುವಿನಾಚೆ ಬಿದ್ದರೆ ಪಕ್ಕದ್ದು ಮಡಿಲಿಗೆ ಬೀಳುತ್ತದೆ. ಮಾತು ಮಗನ ಮದುವೆಯದ್ದೋ ಸಂಘದ ಸಾಲದ್ದೋ ನಡೆದೇ ಇರುತ್ತದೆ, ಕೈ ಮಾತ್ರ ಒಮ್ಮೆಯೂ ತಪ್ಪುವುದಿಲ್ಲ.

ಹಾಗೆ ಮಡಿಲು ತುಂಬಿದ್ದೇ ಬೆರಕೆ ಸೊಪ್ಪು. ಅಣ್ಣೆ, ಕೀರೆ, ಮುಳ್ಳುಕೀರೆ, ಕನ್ನೆ, ಗೋಣಿ, ಹೊನಗೊನ್ನೆ, ಗಣಿಕೆ, ಕೊಮ್ಮೆ, ಚಗಚೆಯ ಎಳೆ ಕುಡಿ, ಹಿಡಿ ತುಂಬೆ ಚಿಗುರು. ಈ ಪಟ್ಟಿ ಊರಿಂದೂರಿಗೆ, ಆಷಾಢದಿಂದ ಶ್ರಾವಣಕ್ಕೆ ಬದಲಾಗುತ್ತದೆ. ಕಾಳಿನ ಜೊತೆ ಬೇಯಿಸಿ ಬಸಿದರೆ ಬಸ್ಸಾರು, ಬೇಳೆ ಹಾಕಿ ಮಸೆದರೆ ಮಸ್ಸೊಪ್ಪು. ಎರಡಕ್ಕೂ ರಾಗಿಮುದ್ದೆಯೇ ಜೋಡಿ.

ಗಿಡಮೂಲಿಕೆ ಗುರುತಿಸಿ ಮನೆಯಲ್ಲೇ ಬಳಸಲು ಕಲಿಯಬೇಕೆನ್ನುವವರು ಕೋವಿಡ್ ನಂತರ ಹೆಚ್ಚಾಗಿದ್ದಾರೆ. ಅವರಲ್ಲಿ ಬಹಳ ಮಂದಿ ಕಾಯಿಲೆಯಿಂದ ಶುರು ಮಾಡುತ್ತಾರೆ: ಸಕ್ಕರೆ ಕಾಯಿಲೆಗೆ ಯಾವ ಎಲೆ, ಮಂಡಿನೋವಿಗೆ ಯಾವ ಬೇರು? ಬೆರಕೆ ಸೊಪ್ಪಿನ ಹೆಂಗಸರ ಪಾಠ ಶುರುವಾಗುವುದು ಗಿಡದಿಂದ. ಮದ್ದಿಗೂ ಮೊದಲು ಮುದ್ದೆ ಎಂಬುದು ಅವರ ಕ್ರಮ.

ಈ ಕ್ರಮದಲ್ಲಿ ಒಂದು ಜಾಣತನವಿದೆ. ಸಾರಿಗೆಂದು ವಾರವಾರವೂ ಕೀಳುವ ಗಿಡವನ್ನು ಮೊಳಕೆ, ಹೂ, ಕಾಯಿ ಎಲ್ಲ ಹಂತದಲ್ಲೂ ಕಂಡಿರುತ್ತೇವೆ. ಗಣಿಕೆಯನ್ನೇ ನೋಡಿ. ಎಲೆ ಬೇಯಿಸಿ ತಿನ್ನುತ್ತಾರೆ, ಕಪ್ಪಗೆ ಮಾಗಿದ ಹಣ್ಣನ್ನು ಮಕ್ಕಳು ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ, ಹಸಿರು ಕಾಯಿಯನ್ನು ಮಾತ್ರ ಯಾರೂ ತಿನ್ನುವುದಿಲ್ಲ. ಅದರಲ್ಲಿ ಸೊಲನೈನ್ ಎಂಬ ವಿಷಾಂಶವಿದೆ ಎಂಬ ರಸಾಯನಶಾಸ್ತ್ರ ಗೊತ್ತಿಲ್ಲದೆಯೂ ಅಜ್ಜಿಯರು ಆ ಗೆರೆ ಎಳೆದಿದ್ದರು. ಅಣ್ಣೆಯೂ ಎಳೆಯದಾಗಿದ್ದಾಗಲಷ್ಟೇ ಸೊಪ್ಪು. ಗುಲಾಬಿ ತೆನೆ ಬಿಟ್ಟ ಮೇಲೆ ಅದು ತಂಗಡಿಯಂತೆ ಹಬ್ಬದ ಹೂ.

ಮಡಿಲಿನಿಂದ ಮದ್ದಿಗೆ ದಾಟುವಾಗ ಎದುರಾಗುವ ಮೊದಲ ತೊಡಕು ಹೆಸರಿನದು. ಒಂದೆಲಗವನ್ನು ನಾವು ಬ್ರಾಹ್ಮಿ ಎನ್ನುತ್ತೇವೆ. ಆದರೆ ಆಯುರ್ವೇದದವರಿಗೆ ಅದು ಮಂಡೂಕಪರ್ಣಿ. ಬ್ರಾಹ್ಮಿ ಎಂದರೆ ಅವರು ಸಾಮಾನ್ಯವಾಗಿ ಹೇಳುವುದು ನೀರುಬ್ರಾಹ್ಮಿಯನ್ನು. ಅಮೃತಬಳ್ಳಿಯ ತೊಡಕು ಇನ್ನೂ ದೊಡ್ಡದು. 2021ರಲ್ಲಿ ಮುಂಬೈನ ವೈದ್ಯರು, ಈ ಬಳ್ಳಿಯ ಕಷಾಯ ಕುಡಿದವರಲ್ಲಿ ಯಕೃತ್ತು ಕೆಟ್ಟ ಆರು ಪ್ರಕರಣಗಳನ್ನು ವರದಿ ಮಾಡಿದರು. ಅಮೃತಬಳ್ಳಿ ಸುರಕ್ಷಿತ, ಅದರದೇ ಕುಲದ ಇನ್ನೊಂದು ಬಳ್ಳಿಯೊಂದಿಗೆ ಗೊಂದಲವಾಗದಂತೆ ನೋಡಿಕೊಳ್ಳಿ ಎಂದು ಆಯುಷ್ ಸಚಿವಾಲಯ ಹೇಳಿತು. ಆ ಬಳ್ಳಿಯ ಕಾಂಡದ ತುಂಬ ಗಂಟುಗಂಟಾದ ಗುಳ್ಳೆಗಳಿರುತ್ತವೆ, ಮುರಿದರೆ ಹಾಲಿನಂಥ ರಸ ಬರುತ್ತದೆ. ಅಮೃತಬಳ್ಳಿಯಲ್ಲಿ ಇವೆರಡೂ ಇಲ್ಲ. ಗುರುತು ಸರಿಯಾಗಿದ್ದರೂ, ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಕುಡಿಯಬಾರದು.

ಎರಡನೆಯ ತೊಡಕು ಪರಿಣಾಮದ್ದು. ಕೆಮ್ಮಿನ ಸಿರಪ್‌ಗಳಲ್ಲಿರುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಬೇಲಿಯ ಆಡುಸೋಗೆಯಲ್ಲಿರುವ ವ್ಯಾಸಿಸಿನ್‌ನ ಜಾಡು ಹಿಡಿದು. ಅದೇ ವ್ಯಾಸಿಸಿನ್ ಗರ್ಭಕೋಶವನ್ನೂ ಹಿಂಡುತ್ತದೆ. ಹಾಗಾಗಿ ಗರ್ಭಿಣಿಯರಿಗೆ ಆಡುಸೋಗೆ ಕೂಡದು. ಕಾಮಾಲೆಗೆ ಹೆಸರಾದ ನೆಲನೆಲ್ಲಿಯ ಕಥೆಯೂ ತಿಳಿದಿರಬೇಕಾದದ್ದೇ. ಹೆಪಟೈಟಿಸ್ ಬಿ ವೈರಸ್ ಹೊತ್ತವರಲ್ಲಿ ಅದು ಫಲ ಕೊಟ್ಟಿತೆಂದು ಮದ್ರಾಸಿನ ಸಂಶೋಧಕರು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಾಗ ಜಗತ್ತೇ ಇತ್ತ ತಿರುಗಿತ್ತು. ಮುಂದಿನ ಪರೀಕ್ಷೆಗಳಲ್ಲಿ ಆ ಫಲ ಅದೇ ರೀತಿ ಮರುಕಳಿಸಲಿಲ್ಲ. ನೆಗಡಿಗೆ ದೊಡ್ಡಪತ್ರೆ ತಂಬುಳಿ, ತಲೆಕೂದಲಿಗೆ ಗರುಗದ ಎಣ್ಣೆ ಮನೆಯ ಕೆಲಸ. ಕಣ್ಣು ಹಳದಿಯಾದರೆ ಅದು ಆಸ್ಪತ್ರೆಯ ಕೆಲಸ.

ಎಲ್ಲಿ ಕೀಳಬೇಕೆಂಬುದೂ ವಿದ್ಯೆಯ ಭಾಗವೇ. ಹೊನಗೊನ್ನೆ, ಒಂದೆಲಗ ಕೆರೆಯಂಚಿನ ತೇವದಲ್ಲಿ ಸೊಂಪಾಗಿ ಬರುತ್ತವೆ. ನೀರಿನಲ್ಲಿರುವ ಸೀಸದಂಥ ಲೋಹಗಳನ್ನೂ ಹೀರಿಕೊಳ್ಳುತ್ತವೆ. ಅರ್ಕಾವತಿ ಪಾತ್ರದ ಕೆರೆಗಳಿಗೆ ಚರಂಡಿ ನೀರು, ಕಾರ್ಖಾನೆ ನೀರು ಸೇರುತ್ತಿದೆಯೆಂದು ದೊಡ್ಡಬಳ್ಳಾಪುರದವರು ಬೀದಿಗಿಳಿದು ಹೋರಾಡಿದ್ದಾರೆ. ಅಂಥ ಕಡೆ ಸೊಪ್ಪು ಎಷ್ಟು ಹಸಿರಾಗಿದ್ದರೂ ಮುಟ್ಟಬಾರದು. ಹೆದ್ದಾರಿ ಅಂಚು, ಔಷಧಿ ಹೊಡೆದ ದ್ರಾಕ್ಷಿ ತೋಟದ ಸಾಲು ಕೂಡ ಬೇಡ. ಮಾಕಳಿದುರ್ಗ, ಶಿವಗಂಗೆಯ ಕಾಡುಗಳಲ್ಲಿ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿದ ದೇವನಹಳ್ಳಿಯ ನಲ್ಲೂರು ಹುಣಸೆತೋಪಿನಲ್ಲಿ ನೋಡಿ ಕಲಿಯಬೇಕು, ಕಿತ್ತಲ್ಲ. ಎಲೆ ಚಿವುಟಿದರೆ ಗಿಡ ಮತ್ತೆ ಚಿಗುರುತ್ತದೆ. ಬೇರು ಅಗೆದರೆ ಅಲ್ಲಿಗೆ ಮುಗಿಯಿತು. ಉಪ್ಪಿನಕಾಯಿಯ ಘಮಕ್ಕೇ ಸೋತು ಅಗೆದದ್ದರಿಂದ ಮಾಗಳಿ ಬೇರು ಇಂದು ಅಳಿವಿನಂಚಿನ ಸಸ್ಯಗಳ ಪಟ್ಟಿ ಸೇರಿದೆ.

ಕಲಿಯಲು ಹತ್ತಿರದಲ್ಲೇ ದಾರಿಗಳಿವೆ. ಈ ಸೀಮೆಯ ಗಡಿಗಂಟಿದ ಯಲಹಂಕದ ಜಾರಕಬಂಡೆ ಕಾವಲಿನಲ್ಲಿ, ದರ್ಶನ್ ಶಂಕರ್ ಮತ್ತು ಸ್ಯಾಮ್ ಪಿತ್ರೋಡಾ 1993ರಲ್ಲಿ ಕಟ್ಟಿದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಇದೆ. ಸ್ಥಳೀಯ ಆರೋಗ್ಯ ಪರಂಪರೆಯನ್ನು ಉಳಿಸುವುದೇ ಅದರ ಹೆಸರಿನಲ್ಲಿರುವ ಗುರಿ. ಒಣಗಿಸಿ ಹಾಳೆಗೆ ಅಂಟಿಸಿದ ಔಷಧೀಯ ಸಸ್ಯಗಳ ಸಂಗ್ರಹ, ಸಸ್ಯತೋಟ, ಆಯುರ್ವೇದ ಆಸ್ಪತ್ರೆ, ಟಿಡಿಯು ವಿಶ್ವವಿದ್ಯಾಲಯ ಎಲ್ಲವೂ ಅಲ್ಲಿ ಒಂದೇ ಆವರಣದಲ್ಲಿವೆ. ಹಳ್ಳಿಮನೆಗಳ ಹಿತ್ತಲಲ್ಲಿ ಹತ್ತಿಪ್ಪತ್ತು ಮದ್ದಿನ ಗಿಡ ನೆಡಿಸುವ ಕೆಲಸವನ್ನೂ ಸಂಸ್ಥೆ ಮಾಡಿದೆ. ಓದುವ ಆಸಕ್ತಿಯುಳ್ಳವರಿಗೆ ರಾಮಸ್ವಾಮಿ ಮತ್ತು ರಜಿ ಬರೆದು ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗ 1973ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವಿದೆ. ಇಂಗ್ಲಿಷಿನ ಆ ದಪ್ಪ ಪುಸ್ತಕ ಬಂದಾಗ ದೊಡ್ಡಬಳ್ಳಾಪುರ, ಹೊಸಕೋಟೆ, ದೇವನಹಳ್ಳಿ ತಾಲ್ಲೂಕುಗಳೂ ಅವಿಭಜಿತ ಬೆಂಗಳೂರು ಜಿಲ್ಲೆಯಲ್ಲೇ ಇದ್ದವು.

ಆದರೂ ದೊಡ್ಡ ಶಾಲೆ ಬದುವೇ. ಅದೀಗ ಎರಡು ಕಡೆಯಿಂದ ಸವೆಯುತ್ತಿದೆ. ಒಂದೆಡೆ ಹೊಲಗಳು ಬಡಾವಣೆಯಾಗುತ್ತಿವೆ. ಇನ್ನೊಂದೆಡೆ ಆಳು ಸಿಗದೆ ಕಳೆನಾಶಕ ಬಂದಿದೆ. ಒಂದು ಸಿಂಪಡಣೆಗೆ ಕಳೆಯೂ ಹೋಗುತ್ತದೆ, ಸಾರೂ ಹೋಗುತ್ತದೆ, ಬಗ್ಗಿ ಕೀಳುತ್ತಾ ಮಗಳಿಗೆ ಹೆಸರು ಹೇಳಿಕೊಡುವ ಆ ಹೊತ್ತೂ ಹೋಗುತ್ತದೆ.

ಆದ್ದರಿಂದ ಈ ಮಳೆಗಾಲದಲ್ಲಿ ಕಳೆ ಕೀಳುವವರ ಹಿಂದೆ ಅರ್ಧ ದಿನ ನಡೆಯಿರಿ. ಪುಸ್ತಕ ಆಮೇಲೆ ತೆರೆದರಾಯಿತು. ಸಂಜೆಗೆ ನಿಮಗೆ ಖಾತ್ರಿಯಾದದ್ದು ಎರಡೇ ಗಿಡವೆಂದಾದರೆ ಎರಡನ್ನೇ ಕಿತ್ತು ತನ್ನಿ. ಉಳಿದದ್ದಕ್ಕೆ ಸಂತೆಯ ದಂಟಿನ ಸೊಪ್ಪು ಸೇರಿಸಿದರಾಯಿತು. ಬೆರಕೆ ಎಂದರೆ ಅದೇ ತಾನೇ.