ಹೊಸ ರಾಗಿ ಬಿತ್ತನೆಯನ್ನು ಪರೀಕ್ಷಿಸುವ ಕ್ರಮ

ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಾಡರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಹೊರತಂದರು. ಆದರೂ ಯಾವ ಹೊಸ ಬಿತ್ತನೆಯೇ ಆಗಲಿ, ಮಳವಳ್ಳಿ ಸೀಮೆಯ ತಮ್ಮ ಹೊಲಕ್ಕೆ ಒಪ್ಪುವುದೇ ಎಂಬುದನ್ನು ಒಂದೇ ತಾಕಿನ ಫಸಲಿನಿಂದ ನಿರ್ಧರಿಸಲಾಗದು. ಒಂದೇ ಹೊಲದಲ್ಲಿಯೂ ಮಣ್ಣಿನ ಸಾರವು ಕಡೆಯಿಂದ ಕಡೆಗೆ ಬೇರೆಯಾಗಿರುತ್ತದೆ.

ಆದುದರಿಂದ ಹೊಲದ ಐದು ಕಡೆಗಳಲ್ಲಿ, ಗುಂಟೆಯಳತೆಯ ಎರಡೆರಡು ತಾಕುಗಳನ್ನು ಅಕ್ಕಪಕ್ಕದಲ್ಲಿ ಗುರುತಿಸಿ, ಯಾವುದಕ್ಕೆ ಯಾವ ಬಿತ್ತನೆಯೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡತಕ್ಕದ್ದು. ಉಳುಮೆ, ಗೊಬ್ಬರಗಳು ಸಮನಾಗಿರಬೇಕು. ಹಳೆಯದು 22, 25, 20, 24, 19 ಕಿಲೋ, ಹೊಸದು 26, 27, 21, 29, 22 ಕಿಲೋ ಬಂದಿತೆಂದು ಭಾವಿಸೋಣ. ವ್ಯತ್ಯಾಸಗಳು 4, 2, 1, 5, 3, ಸರಾಸರಿ 3. ಬಿತ್ತನೆಗಳೆರಡೂ ಸಮವಾಗಿದ್ದಲ್ಲಿ, ಐದು ಜೋಡಿಗಳಲ್ಲಿಯೂ ಹೊಸದೇ ಮುಂದಾಗುವುದು ಆಕಸ್ಮಿಕವಾಗಿ 32ರಲ್ಲಿ ಒಂದು ಸಲ ಮಾತ್ರ. ಮೂರು ಕಡೆ 12, 10, 4 ಹೆಚ್ಚಾಗಿ, ಎರಡು ಕಡೆ 6, 5 ಕಡಮೆಯಾದರೂ ಸರಾಸರಿ 3 ಆಗುವುದು. ಆ ಸರಾಸರಿಯನ್ನು ನಂಬಿ ಹಣ ತೊಡಗಿಸಬಾರದು.

ಗೊಬ್ಬರಕ್ಕೂ ಲೆಕ್ಕವುಂಟು. ಎಕರೆಗೆ 2, 4, 6, 8 ಗಾಡಿ ಹಾಕಿದಾಗ ಗುಂಟೆಗೆ 20, 23, 24, 27 ಕಿಲೋ ಬಂದರೆ, ಈ ಬಿಂದುಗಳಿಗೆ ಅತ್ಯಂತ ಸಮೀಪವಾಗಿ ಹೊಂದುವ ನೇರಗೆರೆಯು ಗಾಡಿಯೊಂದಕ್ಕೆ 1.1 ಕಿಲೋ, ಅಂದರೆ ಎಕರೆಗೆ 44 ಕಿಲೋ, ಏರುವುದು. ಇದರ ಬೆಲೆಯು ಗಾಡಿ ಗೊಬ್ಬರದ ವೆಚ್ಚವನ್ನು ಮೀರಿದರೆ ಮಾತ್ರ ಲಾಭ. ಪರೀಕ್ಷಿಸದ ಪ್ರಮಾಣಕ್ಕೆ ಆ ಗೆರೆಯನ್ನು ಮುಂದೆ ಎಳೆಯಲಾಗದು.