ಒಂದೇ ಉತ್ತರ, ಬೇರೆ ಬೇರೆ ಅಂಕ

ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೆಯ ತರಗತಿಗೆ ವಿಜ್ಞಾನದ ಘಟಕ ಪರೀಕ್ಷೆ ನೀಡಿದ್ದೆ. ಉತ್ತರ ಪತ್ರಿಕೆ ಹಂಚಿದ ದಿನ ಒಬ್ಬ ವಿದ್ಯಾರ್ಥಿನಿ ತನ್ನದನ್ನೂ ಗೆಳತಿಯದನ್ನೂ ಹಿಡಿದು ಬಂದಳು. “ಮೇಡಂ, ಇಬ್ಬರೂ ಒಂದೇ ಬರೆದಿದ್ದೀವಿ. ಅವಳಿಗೆ ಒಂದು ಅಂಕ, ನನಗೆ ಯಾಕೆ ಸೊನ್ನೆ?”

‘ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ. ಕಾರಣ ಕೊಡಿ’ ಎಂಬುದು ಎರಡು ಅಂಕದ ಪ್ರಶ್ನೆ. ಇಬ್ಬರೂ ‘ಮಂಜುಗಡ್ಡೆ ನೀರಿಗಿಂತ ಹಗುರ’ ಎಂದು ಬರೆದಿದ್ದರು. ಗೆಳತಿಯ ಪತ್ರಿಕೆಯನ್ನು ಹಿಂದಿನ ಸಂಜೆ ತಿದ್ದಿದ್ದೆ. ಇವಳದನ್ನು ಮರುದಿನ ಬೆಳಿಗ್ಗೆ ಅವಸರದಲ್ಲಿ. ನನ್ನ ಬಳಿ ಲಿಖಿತ ಮಾದರಿ ಉತ್ತರವಿರಲಿಲ್ಲ.

ಮೌಲ್ಯಮಾಪನದ ಪಾಠದಲ್ಲಿ ನಾವು ಓದುವ ‘ವಿಶ್ವಸನೀಯತೆ’ ಎಂಬ ಪದದ ಅರ್ಥ ನನಗೆ ತಿಳಿದದ್ದು ಅಂದು. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ 1913ರಲ್ಲಿ ಒಂದೇ ರೇಖಾಗಣಿತ ಉತ್ತರ ಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದಾಗ, ಅಂಕಗಳು 28ರಿಂದ 95ರವರೆಗೆ ಹರಡಿದ್ದವು. ಗಣಿತದಲ್ಲೇ ಹೀಗಾದರೆ ವಿವರಣಾತ್ಮಕ ಉತ್ತರಗಳ ಗತಿ ಏನು?

ವಿಶ್ವವಿದ್ಯಾಲಯಗಳ ಪರೀಕ್ಷಾ ನಿಯಮಗಳು ಬಹುಮಟ್ಟಿಗೆ ಈ ವ್ಯತ್ಯಾಸವನ್ನು ತಗ್ಗಿಸಲೆಂದೇ ಇವೆ. ಪ್ರತಿ ಪ್ರಶ್ನೆಯ ಅಂಕ ಹಂಚಿಕೆಯನ್ನು ಮೌಲ್ಯಮಾಪಕರಿಗೆ ಮೊದಲೇ ಲಿಖಿತವಾಗಿ ಕೊಡಲಾಗುತ್ತದೆ. ನೋಂದಣಿ ಸಂಖ್ಯೆಯನ್ನು ಮರೆಮಾಡಿ ಸಂಕೇತ ಸಂಖ್ಯೆ ಹಾಕುವುದು ಇನ್ನೊಂದು ಕ್ರಮ. ಹಲವೆಡೆ ಸ್ನಾತಕೋತ್ತರ ಪತ್ರಿಕೆಗಳನ್ನು ಇಬ್ಬರು ಪ್ರತ್ಯೇಕವಾಗಿ ತಿದ್ದುತ್ತಾರೆ. ಅಂಕಗಳ ಅಂತರ ನಿಗದಿತ ಮಿತಿ ದಾಟಿದರೆ ಪತ್ರಿಕೆ ಮೂರನೆಯವರಿಗೆ ಹೋಗುತ್ತದೆ.

ಫಲಿತಾಂಶದ ನಂತರದ ಮೂರು ಅವಕಾಶಗಳನ್ನು ನಾವು ಒಂದೇ ಎಂದುಕೊಳ್ಳುತ್ತೇವೆ. ಮರುಎಣಿಕೆಯಲ್ಲಿ ಕೂಡುವ ತಪ್ಪನ್ನೂ ಅಂಕ ಹಾಕದೆ ಬಿಟ್ಟ ಉತ್ತರವನ್ನೂ ನೋಡುತ್ತಾರೆ. ಛಾಯಾಪ್ರತಿ ಪಡೆದರೆ ನಮ್ಮ ಉತ್ತರಕ್ಕೆ ಎಲ್ಲಿ ಎಷ್ಟು ಅಂಕ ಬಂತೆಂದು ನಾವೇ ನೋಡಬಹುದು. ಮರುಮೌಲ್ಯಮಾಪನದಲ್ಲಿ ಬೇರೊಬ್ಬರು ಹೊಸದಾಗಿ ಅಂಕ ಕೊಡುತ್ತಾರೆ.

ಇವುಗಳ ಕಾನೂನು ನೆಲೆಯೂ ಬೇರೆ. ನಿಯಮದಲ್ಲಿ ಇಲ್ಲದಿದ್ದರೆ ಮರುಮೌಲ್ಯಮಾಪನವನ್ನು ಹಕ್ಕಾಗಿ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಮಹಾರಾಷ್ಟ್ರ ಮಂಡಳಿಯ ಪ್ರಕರಣದಲ್ಲಿ ಹೇಳಿತು. ಆದರೆ 2011ರಲ್ಲಿ, ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ, ತಿದ್ದಿದ ಉತ್ತರ ಪತ್ರಿಕೆಯು ಮಾಹಿತಿ ಹಕ್ಕು ಕಾಯ್ದೆಯಡಿ ‘ಮಾಹಿತಿ’ಯೇ ಎಂದಿತು. ಬರೆದವರು ಅದನ್ನು ನೋಡಬಹುದು. ತಿದ್ದಿದವರ ಗುರುತನ್ನು ಮಾತ್ರ ಮರೆಮಾಡಬೇಕು.

ನನ್ನ ತರಗತಿಯಲ್ಲಿ ಆ ವಿದ್ಯಾರ್ಥಿನಿ ಕೇಳಿದ್ದೂ ಇದೇ ಹಕ್ಕನ್ನು. ಆ ಸಂಜೆ ಅಂಕ ಹಂಚಿಕೆ ಬರೆದೆ: ಮಂಜುಗಡ್ಡೆಯ ಸಾಂದ್ರತೆ ನೀರಿಗಿಂತ ಕಡಿಮೆ ಎಂದರೆ ಒಂದು ಅಂಕ, ಆದ್ದರಿಂದ ಅದು ಪೂರ್ತಿ ಮುಳುಗುವ ಮೊದಲೇ ನೀರು ಮೇಲಕ್ಕೆ ತಳ್ಳುವ ಬಲ ಅದರ ತೂಕಕ್ಕೆ ಸಮನಾಗುತ್ತದೆ ಎಂದರೆ ಇನ್ನೊಂದು, ಬರೀ ‘ಹಗುರ’ ಎಂದರೆ ಅರ್ಧ. ಹೆಸರಿನ ಭಾಗ ಮಡಿಚಿ, ಎಲ್ಲರ ಒಂದನೆಯ ಪ್ರಶ್ನೆ ಮುಗಿಸಿ ಎರಡನೆಯದಕ್ಕೆ ಹೋಗುವಂತೆ ಮತ್ತೆ ತಿದ್ದಿದೆ.

ಈಗ ಹೊಸ ತೊಡಕು: ಗೆಳತಿಯ ಅರ್ಧ ಅಂಕ ಕಡಿಮೆಯಾಗಬೇಕು. ಮಾರ್ಗದರ್ಶಕ ಶಿಕ್ಷಕರನ್ನು ಕೇಳಿದೆ. “ಹಂಚಿಕೆ ಬರೆಯದ ತಪ್ಪು ನಿಮ್ಮದು, ಮಗು ಯಾಕೆ ಕಳೆದುಕೊಳ್ಳಬೇಕು?” ಎಂದರು. ಈ ಸಲ ‘ಹಗುರ’ ಎಂದವರಿಗೆಲ್ಲ ಒಂದು ಅಂಕ ಕೊಟ್ಟೆ. ಮುಂದಿನ ಸಲದ ಹಂಚಿಕೆಯನ್ನು ಪರೀಕ್ಷೆ ಮುಗಿದೊಡನೆ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆಂದು ತರಗತಿಗೆ ತಿಳಿಸಿದೆ.

ಘಟಕ ಪರೀಕ್ಷೆಯ ದಾಖಲೆಯಲ್ಲಿ ನೀಲನಕ್ಷೆ, ಪ್ರಶ್ನೆ ಪತ್ರಿಕೆಗಳ ಜೊತೆ ಅಂಕ ಹಂಚಿಕೆಯನ್ನೂ ನಾವು ಲಗತ್ತಿಸುತ್ತೇವೆ, ಆದರೆ ಹೆಚ್ಚಿನವರು ತಿದ್ದಿದ ಮೇಲೆ. ಅದನ್ನು ತಿದ್ದುವ ಮುನ್ನವೇ ಬರೆಯೋಣ, ‘ಯಾಕೆ?’ ಎಂದು ಕೇಳುವ ಮಕ್ಕಳಿಗೆ ತೋರಿಸಲು ನಮ್ಮ ಕೈಯಲ್ಲಿ ಏನಾದರೂ ಇರುತ್ತದೆ.